ಬಿಸಿಲು ಮೊದಲು ತಿನ್ನುವುದು ದಾರವನ್ನು

ದೋಣಿಯ ಮೇಲ್ಹೊದಿಕೆ ಹರಿದು ಜೋತುಬಿದ್ದಾಗ, ಹೊಸದನ್ನು ಹೊಲಿಸುವ ಮೊದಲು ಹರಿದ ಜಾಗವನ್ನು ಕೈಯಲ್ಲಿ ಹಿಡಿದು ನೋಡಬೇಕು. ಹೆಚ್ಚಿನ ಸಲ ಬಟ್ಟೆ ಹರಿದಿರುವುದೇ ಇಲ್ಲ. ಎರಡು ಪಟ್ಟಿಗಳು ಕೂಡುವ ಕಡೆ ಹೊಲಿಗೆ ಬಿಟ್ಟಿರುತ್ತದೆ. ಸೂಜಿ ಹೋದ ತೂತುಗಳು ಅಂಚಿನುದ್ದಕ್ಕೂ ಸಾಲಾಗಿ ಹಾಗೇ ಇರುತ್ತವೆ, ಅವುಗಳಲ್ಲಿ ಇರಬೇಕಾದ ದಾರ ಮಾತ್ರ ಇರುವುದಿಲ್ಲ. ಇನ್ನೂ ಬಿಡದೆ ಉಳಿದ ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಎಳೆದರೆ ದಾರ ಪುಡಿಪುಡಿಯಾಗಿ ಉಗುರಿನ ಸಂದಿಯಲ್ಲಿ ಕೂರುತ್ತದೆ. ಅದೇ ಹೊಲಿಗೆಯನ್ನು ಮಗುಚಿ ಒಳಮೈ ನೋಡಿದರೆ ಅಲ್ಲಿನ ದಾರ ಬ್ಲೇಡು ತಾಗಿಸದೆ ತುಂಡಾಗುವುದಿಲ್ಲ. ಎರಡೂ ಒಂದೇ ರೀಲಿನ ದಾರ, ಒಂದೇ ದಿನ ಹೊಲಿದದ್ದು. ಮೇಲಿನದು ಬಿಸಿಲು ಕಂಡಿದೆ, ಕೆಳಗಿನದು ಕಂಡಿಲ್ಲ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರುವ ಬೋಟುಗಳು, ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಗಳು, ಬಂದರಿನ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತ ಮೀನುಗಾರಿಕಾ ಬೋಟುಗಳ ಹಿಂಬದಿಯ ನೆರಳು, ಇವೆಲ್ಲಕ್ಕೂ ಹೊದಿಕೆ ಬೇಕು. ನಮ್ಮಲ್ಲಿ ಇದಕ್ಕೆಂದೇ ಬೇರೆ ಕಸುಬುದಾರರು ಕಡಿಮೆ. ಆಟೋ ಹುಡ್ಡು, ಬಸ್ಸಿನ ಸೀಟು, ಸೋಫಾದ ರೆಕ್ಸಿನ್ ಹೊಲಿಯುವ ಕುಶನ್ ವರ್ಕ್ಸ್ ಅಂಗಡಿಯವರೇ ದೋಣಿಯ ಹೊದಿಕೆಯನ್ನೂ ಹೊಲಿದುಕೊಡುತ್ತಾರೆ. ಅವರ ಕೈಕೆಲಸದಲ್ಲಿ ಕೊರತೆಯಿಲ್ಲ. ಅಂಥ ಒಂದು ಅಂಗಡಿಯಲ್ಲಿ ಹೊಲಿಗೆಯವರು ಹೇಳಿದ ಮಾತು ಇದು: ‘ದಾರ ಎಂತದ್ದು ಹಾಕುದು ಅಂತ ಯಾರೂ ಕೇಳುದಿಲ್ಲ ಮಾರಾಯ್ರೆ. ಬಟ್ಟೆದು ಕಲರ್ ಕೇಳ್ತಾರೆ, ಮತ್ತೆ ರೇಟು ಕೇಳ್ತಾರೆ.’

ಕೇಳಬೇಕಾದದ್ದು ದಾರವನ್ನೇ. ಕಡಲ ಬಿಸಿಲಿನಲ್ಲಿ ಹೊದಿಕೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಪಾಲು ಅದರ ಮೇಲೆಯೇ ನಿಂತಿದೆ.

ನೆತ್ತಿಯ ಮೇಲಿನ ಸೂರ್ಯ

ಮಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕಿರಣಗಳು ವಾತಾವರಣವನ್ನು ಅತಿ ಹತ್ತಿರದ ದಾರಿಯಲ್ಲಿ ಹಾದು ಬರುವುದರಿಂದ ಅತಿನೇರಳೆಯ ಅಂಶ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅತಿನೇರಳೆ ಸೂಚ್ಯಂಕದಲ್ಲಿ 11 ಮತ್ತು ಅದಕ್ಕೂ ಮೇಲಿನದು ‘ವಿಪರೀತ’. ನಮ್ಮ ಕರಾವಳಿಯ ಬೇಸಿಗೆಯ ನಡುಹಗಲು ಆ ಮಟ್ಟ ಮುಟ್ಟುತ್ತದೆ.

ಮೋಡ ಕವಿದರೆ ಬಚಾವು ಎಂದುಕೊಳ್ಳುವುದೂ ಬೇಡ. ತೆಳುಮೋಡದ ಮೂಲಕ ಅತಿನೇರಳೆ ಕಿರಣದ ಶೇ 90ಕ್ಕೂ ಹೆಚ್ಚು ಪಾಲು ಇಳಿದು ಬರಬಲ್ಲದು. ನೊರೆಗಟ್ಟಿದ ಅಲೆ ತನ್ನ ಮೇಲೆ ಬಿದ್ದದ್ದರಲ್ಲಿ ಸುಮಾರು ಶೇ 25ನ್ನು ವಾಪಸು ಎಸೆಯುತ್ತದೆ, ಒಣ ಮರಳು ಸುಮಾರು ಶೇ 15ನ್ನು. ಹಾಗಾಗಿ ದೋಣಿಯ ಹೊದಿಕೆಗೆ ಬಿಸಿಲು ಮೇಲಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಕೆಳಗಿನಿಂದಲೂ ಬರುತ್ತದೆ. ಹಿತ್ತಲಿನಲ್ಲಿ ಕಟ್ಟಿದ ಟಾರ್ಪಾಲು ಬಾಳುವಷ್ಟು ದಿನ ಅದೇ ಟಾರ್ಪಾಲು ದೋಣಿಯ ಮೇಲೆ ಬಾಳದಿರುವುದಕ್ಕೆ ಇದೂ ಒಂದು ಕಾರಣ. ಉಪ್ಪು, ಗಾಳಿಯ ಬಡಿತ, ಪೈಪಿನ ಉಜ್ಜಾಟ ಇದರ ಜೊತೆಗೆ ಸೇರುತ್ತವೆ.

ಬಣ್ಣ, ಪ್ಲಾಸ್ಟಿಕ್, ನೂಲು ಬಿಸಿಲಿಗೆ ಎಷ್ಟು ತಡೆಯುತ್ತವೆ ಎಂದು ನೋಡುವವರು ದಶಕಗಳಿಂದ ಎರಡು ಜಾಗಗಳನ್ನು ಒರೆಗಲ್ಲಾಗಿ ಇಟ್ಟುಕೊಂಡಿದ್ದಾರೆ: ಒಣಬಿಸಿಲಿಗೆ ಅಮೆರಿಕದ ಅರಿಜೋನಾ, ತೇವ ತುಂಬಿದ ಬಿಸಿಲಿಗೆ ದಕ್ಷಿಣ ಫ್ಲಾರಿಡಾ. ಸೆಕೆಯೂ ಕಡಲ ತೇವವೂ ಕೂಡಿದ ನಮ್ಮ ಕರಾವಳಿ ಎರಡನೆಯದಕ್ಕೆ ಹತ್ತಿರ. ಅಲ್ಲಿನ ವಿಹಾರನೌಕೆಗಳ ಹೊದಿಕೆ ಹೊಲಿಯುವವರು ಕಂಡುಕೊಂಡದ್ದು ನಮಗೆ ಉಪಯೋಗಕ್ಕೆ ಬರುವುದು ಈ ಕಾರಣಕ್ಕೆ. ಒಳ್ಳೆಯ ಪಾಲಿಯೆಸ್ಟರ್ ದಾರವೂ ಅಂಥ ಬಿಸಿಲಿನಲ್ಲಿ ಕೆಲವೇ ವರ್ಷಗಳಿಗೆ ಲಡ್ಡಾಗುತ್ತದೆ, ಬಟ್ಟೆ ಅದರ ದುಪ್ಪಟ್ಟು ಕಾಲ ಗಟ್ಟಿಯಾಗಿಯೇ ಇರುತ್ತದೆ ಎಂಬುದು ಅವರ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಗಿರಾಕಿಯ ಹೊದಿಕೆಗೆ ಮರುಹೊಲಿಗೆ ಹಾಕಿಕೊಡುವುದು ಅವರಿಗೆ ಮಾಮೂಲಿ ಕೆಲಸ.

ಎರಡು ಕಿಲೋ ಬಟ್ಟೆ, ಹನ್ನೊಂದು ಗ್ರಾಂ ದಾರ

ಒಂದು ಲೆಕ್ಕ ಹಾಕೋಣ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಹೊದಿಕೆ. ಅಂಚಿನ ಮಡಿಕೆ, ಪೈಪು ತೂರಿಸುವ ತೋಳು, ನಡುವಿನ ಜೋಡಣೆ ಎಲ್ಲ ಸೇರಿದರೆ ಸುಮಾರು 40 ಮೀಟರ್ ಹೊಲಿಗೆ. ಮೇಲಿನ ದಾರ, ಬಾಬಿನ್ ದಾರ ಎರಡೂ ಕೂಡಿ ಹೊಲಿಗೆಯ ಉದ್ದದ ಮೂರು ಪಟ್ಟು, ಅಂದರೆ 120 ಮೀಟರ್ ದಾರ ಬೇಕು. ದಾರದ ದಪ್ಪವನ್ನು ಟೆಕ್ಸ್‌ನಲ್ಲಿ ಹೇಳುತ್ತಾರೆ. ಸಾವಿರ ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಟೆಕ್ಸ್. ಹೊದಿಕೆಗೆ ಸಾಮಾನ್ಯವಾಗಿ ಬಳಸುವ 90 ಟೆಕ್ಸ್ ದಾರವಾದರೆ 120 ಮೀಟರಿಗೆ ಹನ್ನೊಂದು ಗ್ರಾಂ ಕೂಡ ಆಗುವುದಿಲ್ಲ. ಚದರ ಮೀಟರಿಗೆ 314 ಗ್ರಾಂ ತೂಗುವ ಬಟ್ಟೆ ಮಡಿಕೆಗಳೂ ಸೇರಿ ಏಳು ಚದರ ಮೀಟರ್ ಬೇಕಾದರೆ ಎರಡು ಕಿಲೋ ದಾಟುತ್ತದೆ. ಇಷ್ಟು ಬಟ್ಟೆಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವುದು ಆ ಹನ್ನೊಂದು ಗ್ರಾಂ.

ಆ ದಾರದ ಅರ್ಧಭಾಗ ಬಟ್ಟೆಯ ಮೇಲ್ಮೈಯಲ್ಲಿ ಉಬ್ಬಿಕೊಂಡು ಕೂತಿರುತ್ತದೆ. ಬಟ್ಟೆಯ ಒಳಗಿನ ಎಳೆಗಳಿಗೆ ಪಕ್ಕದ ಎಳೆಗಳ ನೆರಳಾದರೂ ಇದೆ, ಹೊಲಿಗೆಯ ದಾರಕ್ಕೆ ಅದೂ ಇಲ್ಲ. ಬಿಸಿಲಿನ ಹಾನಿ ಹೊರಮೈಯಿಂದ ಒಳಗೆ ಇಳಿಯುತ್ತ ಹೋಗುವುದರಿಂದ ತೆಳ್ಳಗಿನದು ಬೇಗ ಸೋಲುತ್ತದೆ.

ಅಂಗಡಿಯಲ್ಲಿ ದಾರ ಕೊಳ್ಳುವಾಗ ನಾವೆಲ್ಲ ಮಾಡುವುದು ಒಂದೇ ಪರೀಕ್ಷೆ: ಒಂದು ಗೇಣು ಬಿಚ್ಚಿ, ಎರಡೂ ಕೈಯಲ್ಲಿ ಸುತ್ತಿಕೊಂಡು ಜಗ್ಗಿ ನೋಡುವುದು. ಆ ಪರೀಕ್ಷೆಯಲ್ಲಿ ನೈಲಾನ್ ಸುಲಭವಾಗಿ ಗೆಲ್ಲುತ್ತದೆ. ಚಪ್ಪಲಿಗೆ, ಚೀಲಕ್ಕೆ, ಕಾರಿನೊಳಗಿನ ಸೀಟಿಗೆ ನೈಲಾನ್ ನಿಜಕ್ಕೂ ಒಳ್ಳೆಯ ದಾರ. ದೋಣಿಯ ಮೇಲೆ ಅಲ್ಲ. ಬಿಸಿಲಿಗೆ ಹಳದಿಯಾಗಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ನೀರು ಕುಡಿದು ಹಿಗ್ಗುತ್ತದೆ. ಗುಂಡು ತಡೆಯುವ ಅಂಗಿಗೆ ಬಳಸುವ ಅರಾಮಿಡ್ ನಾರು ತೂಕಕ್ಕೆ ತೂಕ ಇಟ್ಟರೆ ಉಕ್ಕನ್ನೂ ಮೀರಿಸುತ್ತದೆ. ಬಯಲಿನಲ್ಲಿ ಬಿಟ್ಟರೆ ಅದೂ ಬೇಗನೆ ಬಲಗುಂದುತ್ತದೆ. ಜಗ್ಗಿದಾಗ ಗೊತ್ತಾಗುವುದು ಮೊದಲ ದಿನದ ಬಲ. ನಮಗೆ ಬೇಕಾದದ್ದು ಐದನೆಯ ಬೇಸಿಗೆ ಕಳೆದ ಮೇಲೂ ಉಳಿಯುವ ಬಲ, ಅದು ಕೈಗೆ ತಿಳಿಯುವುದಿಲ್ಲ. ದಾರ ಯಾವ ವಸ್ತುವಿನದು ಎಂದು ಕೇಳಿ ತಿಳಿಯಬೇಕು.

ಬಿಸಿಲು ದಾರವನ್ನು ತುಂಡರಿಸುವ ಬಗೆಯನ್ನು ತುಸು ವಿವರವಾಗಿ ನೋಡಬೇಕು, ಯಾಕೆಂದರೆ ಆಯ್ಕೆಯ ಗುಟ್ಟು ಅಲ್ಲಿದೆ. ಸಿಂಥೆಟಿಕ್ ನಾರುಗಳ ಬೆನ್ನೆಲುಬು ಇಂಗಾಲದ ಉದ್ದ ಸರಪಳಿ. ಒಂದು ಇಂಗಾಲ ಇನ್ನೊಂದನ್ನು ಹಿಡಿದ ಬಂಧ ಬಿಡಿಸಲು ಮೋಲ್‌ಗೆ ಸುಮಾರು 350 ಕಿಲೋಜೂಲ್ ಶಕ್ತಿ ಸಾಕು. 300 ನ್ಯಾನೋಮೀಟರಿನ ಅತಿನೇರಳೆ ಕಿರಣದಲ್ಲಿ ಸುಮಾರು 400 ಕಿಲೋಜೂಲ್ ಇದೆ. ಆದರೆ ಶಕ್ತಿ ಇದ್ದ ಮಾತ್ರಕ್ಕೆ ಬಂಧ ಮುರಿಯದು. ನಾರು ಆ ಕಿರಣವನ್ನು ಹೀರಿಕೊಳ್ಳಬೇಕು. ಪಾಲಿಯೆಸ್ಟರಿನ ರಚನೆಯಲ್ಲಿರುವ ಬೆಂಜೀನ್ ಉಂಗುರಗಳು 315 ನ್ಯಾನೋಮೀಟರಿಗಿಂತ ಗಿಡ್ಡನೆಯ ಕಿರಣಗಳನ್ನು ಚೆನ್ನಾಗಿ ಹೀರುತ್ತವೆ. ಕಿಟಕಿಯ ಗಾಜು ಅಂಥ ಕಿರಣಗಳನ್ನು ತಡೆದುಬಿಡುತ್ತದೆ. ಮನೆಯೊಳಗೆ ಗಾಜಿನ ಹಿಂದಿರುವ ಪಾಲಿಯೆಸ್ಟರ್ ಪರದೆ ವರ್ಷಗಟ್ಟಲೆ ಬಾಳಿ, ಅದೇ ನೂಲು ದೋಣಿಯ ಮೇಲೆ ಪುಡಿಯಾಗುವುದು ಇದರಿಂದಲೇ.

ಹಾಗೆಂದು ಪಾಲಿಯೆಸ್ಟರನ್ನು ತಳ್ಳಿಹಾಕುವಂತಿಲ್ಲ. ಕೈಗೆಟಕುವ ಬೆಲೆಯ ದಾರಗಳಲ್ಲಿ ಕಡಲಿಗೆ ಯೋಗ್ಯವಾದದ್ದು ಅದೇ. ಆದರೆ ಶರ್ಟು ಹೊಲಿಯುವ ಗಿಡ್ಡ ಎಳೆಗಳನ್ನು ಹೊಸೆದ ದಾರ ಬೇಡ. ಉದ್ದ ಎಳೆಗಳನ್ನು ಹುರಿ ಮಾಡಿ, ರಾಳದ ಲೇಪನದಿಂದ ಒಂದಕ್ಕೊಂದು ಅಂಟಿಸಿದ ಬಾಂಡೆಡ್ ದಾರ ಬೇಕು, ಅದಕ್ಕೆ ಅತಿನೇರಳೆ ತಡೆಯುವ ಸಂಸ್ಕರಣೆ ಆಗಿರಬೇಕು. 90 ಟೆಕ್ಸ್ ದಾರ ಸುಮಾರು ಆರೂವರೆ ಕಿಲೋ ಭಾರ ತಡೆದರೆ 135 ಟೆಕ್ಸಿನದು ಹತ್ತು ಕಿಲೋ ತಡೆಯುತ್ತದೆ. ಬಿಸಿಲು ಹೊರಪದರವನ್ನು ತಿಂದ ಮೇಲೂ ದಪ್ಪ ದಾರದಲ್ಲಿ ಒಂದಿಷ್ಟು ತಿರುಳು ಉಳಿಯುತ್ತದೆ. ಅಂಗಡಿಯಲ್ಲಿ ಟಿಕೆಟ್ ನಂಬರಿನ ಲೆಕ್ಕದಲ್ಲಿ ಕೇಳುವುದಾದರೆ ನಂಬರು ಇಳಿದಷ್ಟೂ ದಾರ ದಪ್ಪ: 30ನೇ ನಂಬರು ಸುಮಾರು 90 ಟೆಕ್ಸಿಗೆ, 20ನೇ ನಂಬರು 135ಕ್ಕೆ ಹೊಂದುತ್ತದೆ. ಬಿಳಿಯದಕ್ಕಿಂತ ಕಪ್ಪು ದಾರ ಹೆಚ್ಚು ಬಾಳುತ್ತದೆ, ಅದರಲ್ಲಿನ ಬಣ್ಣವೇ ಕಿರಣಗಳನ್ನು ಒಳಗೆ ಬಿಡದೆ ಹಿಡಿಯುತ್ತದೆ. ತಿಳಿಬಣ್ಣದ ಬಟ್ಟೆಯ ಮೇಲೆ ಕಪ್ಪು ಹೊಲಿಗೆ ಎದ್ದು ಕಾಣುತ್ತದೆಂಬ ತಕರಾರು ಮಾಲೀಕರಿಂದ ಬರುತ್ತದೆ. ಕಂಡರೆ ಕಾಣಲಿ.

ಮುರಿಯದ ಬಂಧ

ಇದಕ್ಕಿಂತ ಮೇಲಿನದು ಒಂದಿದೆ. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ರಸಾಯನವಿಜ್ಞಾನಿ, ಶೈತ್ಯೀಕರಣದ ಪ್ರಯೋಗಕ್ಕೆಂದು ತುಂಬಿಸಿಟ್ಟಿದ್ದ ಸಿಲಿಂಡರಿನಿಂದ ಅನಿಲ ಹೊರಬರದಿದ್ದಾಗ ಅದನ್ನು ಕೊಯ್ಸಿ ನೋಡಿದರು. ಒಳಗಿದ್ದದ್ದು ಬಿಳಿಯ, ಮೇಣದಂಥ ಪುಡಿ. ಅದೇ ಪಿಟಿಎಫ್‌ಇ, ನಾನ್‌ಸ್ಟಿಕ್ ತವೆಯ ಮೂಲಕ ನಮಗೆ ಟೆಫ್ಲಾನ್ ಎಂಬ ಹೆಸರಿನಲ್ಲಿ ಪರಿಚಿತ. 1969ರಲ್ಲಿ ಬಾಬ್ ಗೋರ್, ಬಿಸಿ ಮಾಡಿದ ಪಿಟಿಎಫ್‌ಇ ಸರಳನ್ನು ನಿಧಾನವಾಗಿ ಎಳೆದು ಎಳೆದು ಅದು ಪ್ರತಿಸಲವೂ ತುಂಡಾಗಿ ಬೇಸತ್ತು, ಒಮ್ಮೆ ರಪ್ಪನೆ ಜಗ್ಗಿದರು. ತುಂಡಾಗಬೇಕಾದದ್ದು ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು. ಹಾಗೆ ಹಿಗ್ಗಿಸಿದ ಪಿಟಿಎಫ್‌ಇಯಿಂದ ಮಾಡುವ ಹೊಲಿಗೆ ದಾರ ಇಂದು ವಿಹಾರನೌಕೆಗಳ ಹೊದಿಕೆಗೆ ಎಲ್ಲಕ್ಕಿಂತ ಒಳ್ಳೆಯದೆಂದು ಹೆಸರಾಗಿದೆ. ಗೋರ್ ಕಂಪನಿಯ ‘ಟೆನಾರಾ’ ಇವುಗಳಲ್ಲಿ ಹೆಚ್ಚು ಪರಿಚಿತ.

ಈ ವಸ್ತುವಿನಲ್ಲಿ ಇಂಗಾಲದ ಸರಪಳಿಯ ಸುತ್ತ ಫ್ಲೋರಿನ್ ಪರಮಾಣುಗಳ ಕವಚವಿದೆ. ಇಂಗಾಲ–ಫ್ಲೋರಿನ್ ಬಂಧ ಬಿಡಿಸಲು ಮೋಲ್‌ಗೆ ಸುಮಾರು 485 ಕಿಲೋಜೂಲ್ ಬೇಕು. ಅಷ್ಟು ಶಕ್ತಿ ಇರುವುದು 250 ನ್ಯಾನೋಮೀಟರಿಗಿಂತ ಗಿಡ್ಡನೆಯ ಕಿರಣದಲ್ಲಿ, ಅದನ್ನು ಓಜೋನ್ ಪದರ ಮೇಲೆಯೇ ಹೀರಿಕೊಳ್ಳುತ್ತದೆ. ನೆಲಕ್ಕೆ ಇಳಿಯುವ ಬಿಸಿಲನ್ನು ಪಿಟಿಎಫ್‌ಇ ಹೀರುವುದೂ ಇಲ್ಲ. ಉಪ್ಪುನೀರು, ಬೂಸ್ಟು, ಬ್ಲೀಚಿಂಗ್ ಯಾವುದೂ ಅದಕ್ಕೆ ತಾಗುವುದಿಲ್ಲ.

ಹೊಸದರಲ್ಲಿ ಜಗ್ಗಿ ನೋಡಿದರೆ ಅಷ್ಟೇ ದಪ್ಪದ ಪಾಲಿಯೆಸ್ಟರ್ ದಾರವೇ ಇದಕ್ಕಿಂತ ಗಟ್ಟಿ. ಅಂಗಡಿಯ ಪರೀಕ್ಷೆಯಲ್ಲಿ ಇದು ಸೋಲುತ್ತದೆ. ವರ್ಷಗಳು ಕಳೆದಂತೆ ಪಾಲಿಯೆಸ್ಟರಿನ ಬಲ ಇಳಿಯುತ್ತ ಬಂದು ಇದರ ಕೆಳಗೆ ಹೋಗುತ್ತದೆ, ಇದು ಇದ್ದಲ್ಲೇ ಇರುತ್ತದೆ. ಬೆಲೆ ಪಾಲಿಯೆಸ್ಟರಿನ ಹಲವು ಪಟ್ಟು. ಆದರೆ ಬೇಕಾಗುವುದು ಹನ್ನೊಂದು ಗ್ರಾಂ ಎಂಬುದನ್ನು ಮರೆಯಬಾರದು; ನೂಲು ಸ್ವಲ್ಪ ಭಾರವಾದದ್ದೇ ಎಂದುಕೊಂಡು ದುಪ್ಪಟ್ಟು ಹಿಡಿದರೂ ಒಂದು ಹಿಡಿ ಆಗುವುದಿಲ್ಲ. ಖರ್ಚಿನ ದೊಡ್ಡ ಪಾಲು ಬಟ್ಟೆಯದು ಮತ್ತು ಹೊಲಿಗೆಯವರ ಮಜೂರಿಯದು. ಕೆಲವೇ ವರ್ಷಕ್ಕೆ ಮರುಹೊಲಿಗೆ ಹಾಕಿಸುವಾಗ ತೆರಬೇಕಾದದ್ದು ಆ ಮಜೂರಿಯನ್ನೇ.

ಈ ದಾರ ಹೊಲಿಯುವವರಿಗೆ ಎರಡು ಮಾತು. ಇದು ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಟೆನ್ಷನ್ ಹೊಸದಾಗಿ ಹೊಂದಿಸಿಕೊಂಡು, ಕೊನೆಯಲ್ಲಿ ಹಿಂದೆ ಮುಂದೆ ಹೆಚ್ಚು ಹೊಲಿಗೆ ಹಾಕಿ ಭದ್ರ ಮಾಡಬೇಕು. ಎರಡನೆಯದು ಆರೋಗ್ಯದ ವಿಚಾರ. ನೈಲಾನ್, ಪಾಲಿಯೆಸ್ಟರ್ ದಾರದ ತುದಿಯನ್ನು ಲೈಟರಿನಿಂದ ಸುಟ್ಟು ಅಂಟಿಸುವುದು ನಮ್ಮ ಅಂಗಡಿಗಳಲ್ಲಿ ರೂಢಿ. ಪಿಟಿಎಫ್‌ಇಯನ್ನು ಹಾಗೆ ಸುಡಕೂಡದು. ಅತಿಯಾಗಿ ಕಾದರೆ ಅದರಿಂದ ಬರುವ ಹೊಗೆ ಉಸಿರಿಗೆ ವಿಷ. ಚಳಿಜ್ವರ, ಎದೆ ಬಿಗಿತ ತರುತ್ತದೆ. ತುಂಡು ದಾರ ಬೆರಳಿಗೆ ಅಂಟಿಕೊಂಡು ಬೀಡಿ–ಸಿಗರೇಟಿಗೆ ತಾಗಿದರೂ ಅಪಾಯ. ಕತ್ತರಿಯಿಂದ ಕತ್ತರಿಸಿ, ಚೂರುಗಳನ್ನು ಕಸದ ಬೆಂಕಿಗೆ ಹಾಕದೆ ಬೇರೆಯಾಗಿ ತೆಗೆದಿಡಬೇಕು.

ಬಣ್ಣ ಒಳಗಿದ್ದರೆ

ಬಟ್ಟೆಯ ಆಯ್ಕೆ ಇದಕ್ಕಿಂತ ಸಲೀಸು. ಹಿಂದೆ ಹಾಯಿಗೂ ಹೊದಿಕೆಗೂ ಹತ್ತಿಯ ಕ್ಯಾನ್ವಾಸೇ ಇತ್ತು. ನೆನೆದಾಗ ಅದರ ನೂಲು ಉಬ್ಬಿ ಸಂದು ಮುಚ್ಚಿ ನೀರು ತಡೆಯುತ್ತದೆ, ಆದರೆ ತೇವ ಉಳಿದರೆ ಬೂಸ್ಟು ಹಿಡಿದು ಪಿಸಿಯುತ್ತದೆ. ಅದನ್ನು ತಡೆಯಲು ಯುರೋಪಿನ ಮೀನುಗಾರರು ತಮ್ಮ ಹಾಯಿ ಮತ್ತು ಬಲೆಗಳನ್ನು ಏಷ್ಯಾದಿಂದ ಹೋದ ಕಾಚಿನ ಕಷಾಯದಲ್ಲಿ ಅದ್ದುತ್ತಿದ್ದರು. ಎಲೆ ಅಡಿಕೆಗೆ ಸೇರುವ, ಕಗ್ಗಲಿ ಮರದ ತಿರುಳಿನಿಂದ ತೆಗೆದ ಅದೇ ಕಾಚು. ಹಳೆಯ ಚಿತ್ರಗಳಲ್ಲಿ ಕಾಣುವ ಕೆಂಗಂದು ಹಾಯಿಗಳಲ್ಲಿ ಎಷ್ಟೋ ಆ ಬಣ್ಣ ಪಡೆದದ್ದು ಹೀಗೆ.

ಹತ್ತಿಯ ಜಾಗವನ್ನು ಬಹುಮಟ್ಟಿಗೆ ತೆಗೆದುಕೊಂಡದ್ದು ಅಕ್ರಿಲಿಕ್, ಅಗ್ಗದ ಸ್ವೆಟರುಗಳ ಅದೇ ನೂಲು. ಡ್ಯೂಪಾಂಟ್ 1950ರಲ್ಲಿ ‘ಓರ್ಲಾನ್’ ಎಂದು ಇದನ್ನು ಮಾರುಕಟ್ಟೆಗೆ ತಂದಿತು. ಉತ್ತರ ಕೆರೊಲಿನಾದ ಗ್ಲೆನ್ ರೇವನ್ ಕಂಪನಿ ಅಂಗಡಿಗಳ ಮುಂದಿನ ನೆರಳುಬಟ್ಟೆಗೆಂದು ‘ಸನ್‌ಬ್ರೆಲಾ’ ಎಂಬ ಅಕ್ರಿಲಿಕ್ ಬಟ್ಟೆಯನ್ನು 1961ರಲ್ಲಿ ಹೊರತಂದಿತು. ಅಲ್ಲಿಂದ ಅದು ದೋಣಿಗೆ ಬಂತು. ಮೇಲೆ ಹೇಳಿದ 314 ಗ್ರಾಂ ಈ ಜಾತಿಯ ಬಟ್ಟೆಯ ತೂಕವೇ. ಅಕ್ರಿಲಿಕ್ ನಾರು ಅತಿನೇರಳೆಯನ್ನು ಹೀರುವುದು ಕಡಿಮೆ. ಜೊತೆಗೆ ಇದರ ಬಣ್ಣ ನೇಯ್ದ ಮೇಲೆ ಅದ್ದಿದ್ದಲ್ಲ. ನಾರು ಎಳೆಯುವ ಮೊದಲು ದ್ರಾವಣದಲ್ಲೇ ವರ್ಣದ್ರವ್ಯ ಬೆರೆಸಿರುತ್ತಾರೆ. ಅರಿಶಿನವನ್ನು ರೊಟ್ಟಿಯ ಮೇಲೆ ಸವರದೆ ಹಿಟ್ಟಿಗೇ ಹಾಕಿ ಕಲಸಿದ ಹಾಗೆ, ಮುರಿದಲ್ಲೆಲ್ಲ ಅದೇ ಬಣ್ಣ. ಕೊಳ್ಳುವಾಗ ಒಂದು ಎಳೆ ಬಿಡಿಸಿ, ಓರೆಯಾಗಿ ಕತ್ತರಿಸಿ ತುದಿ ನೋಡಿ. ನಡುವೆ ಬೆಳ್ಳಗಿದ್ದರೆ ಅದು ಮೇಲೆ ಬಣ್ಣ ಹಾಕಿದ ಬಟ್ಟೆ.

ಅಕ್ರಿಲಿಕ್‌ಗೂ ದೌರ್ಬಲ್ಯವಿದೆ. ಉಜ್ಜಿದರೆ ಸವೆಯುತ್ತದೆ, ಪೈಪು ಬಾಗುವ ಕಡೆಗಳಲ್ಲಿ ರೆಕ್ಸಿನ್ ಅಥವಾ ಚರ್ಮದ ತೇಪೆ ಬೇಕೇ ಬೇಕು. ನೀರು ಜಾರಿಸುವ ಲೇಪನ ಒಗೆದಂತೆಲ್ಲ ಹೋಗುತ್ತದೆ, ಮತ್ತೆ ಹಚ್ಚಬೇಕು. ಗಾಳಿಯಾಡುವ ಬಟ್ಟೆಯಾದ್ದರಿಂದ ನೀರು ಮಡುಗಟ್ಟಿ ನಿಂತರೆ ಜಿನುಗುತ್ತದೆ. ಅಗಲವಾಗಿ, ಚಪ್ಪಟೆಯಾಗಿ ಕಟ್ಟಿದ ಚಪ್ಪರಕ್ಕೆ ಇದು ಸಲ್ಲದು, ಇಳಿಜಾರು ಇರಬೇಕು. ಬಿಗಿ ಉಳಿಯುವುದು ಮುಖ್ಯವಾದರೆ, ಅಥವಾ ಹೊದಿಕೆಯನ್ನು ದಿನವೂ ಮಡಚಿ ಬಿಡಿಸುವುದಾದರೆ, ಹೀಗೆಯೇ ಬಣ್ಣ ಬೆರೆಸಿ ಮಾಡಿದ ಪಾಲಿಯೆಸ್ಟರ್ ಕ್ಯಾನ್ವಾಸ್ ಮೇಲು. ಬಣ್ಣ ಸ್ವಲ್ಪ ಬೇಗ ಮಂಕಾಗಬಹುದು.

ಪಿವಿಸಿ ಲೇಪಿಸಿದ ಪಾಲಿಯೆಸ್ಟರ್, ಅಂದರೆ ಲಾರಿಗೆ ಹೊದಿಸುವ ಜಾತಿಯ ಟಾರ್ಪಾಲು, ಬೇರೆ ದಾರಿಯ ಉತ್ತರ. ಒಳಗಿನ ನೂಲಿಗೆ ಲೇಪನವೇ ನೆರಳು. ಜೋಡಣೆಯನ್ನು ಬಿಸಿಗಾಳಿಯಲ್ಲಿ ಬೆಸೆಯಬಹುದು, ದಾರವೇ ಬೇಡ. ಮೀನುಗಾರಿಕಾ ಬೋಟಿನ ಒರಟು ಕೆಲಸಕ್ಕೆ ನನ್ನ ಆಯ್ಕೆ ಇದೇ. ಅದನ್ನು ಮೆತ್ತಗೆ ಇಟ್ಟಿರುವ ಎಣ್ಣೆಯಂಥ ಅಂಶ ಬಿಸಿಲಿಗೆ ಆರುತ್ತ ಹೋಗಿ ಕೊನೆಗೆ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ತಿಳಿದೇ ಕೊಳ್ಳಬೇಕು. ಇನ್ನು ಪ್ಲಾಸ್ಟಿಕ್ ಟಾರ್ಪಾಲು: ಜಿಎಸ್‌ಎಂ ಹೆಚ್ಚಿದ್ದರೆ ಹೆಚ್ಚು ಬಾಳುತ್ತದೆ ಎಂಬ ನಂಬಿಕೆಯಲ್ಲಿ ಕೊಳ್ಳುತ್ತೇವೆ. ಜಿಎಸ್‌ಎಂ ತೂಕವನ್ನು ಹೇಳುತ್ತದೆ, ಬಿಸಿಲಿನ ತಡೆಯನ್ನಲ್ಲ. ಬಿಸಿಲು ತಡೆಯುವ ರಾಸಾಯನಿಕ ಬೆರೆಸಿದ್ದಾರೆಯೇ ಎಂದು ಕೇಳಬೇಕು. ಮಳೆಗಾಲದಲ್ಲಿ ದಡಕ್ಕೆಳೆದ ದೋಣಿ ಮುಚ್ಚಲು ಅದು ಸಾಕು, ಬೇಸಿಗೆ ಪೂರ್ತಿ ನೆರಳು ಕೊಡಲು ಸಾಲದು.

ಹೊಲಿಗೆಯ ಕ್ರಮದಿಂದಲೂ ಆಯುಸ್ಸು ಹೆಚ್ಚುತ್ತದೆ. ಜೋಡಣೆಯ ಮೊದಲ ಸಾಲನ್ನು ಬಟ್ಟೆಯ ಮಡಿಕೆಯೊಳಗೆ ಅಡಗಿಸಿ, ಎರಡನೆಯದನ್ನು ಮಾತ್ರ ಮೇಲೆ ಹಾಕಿದರೆ, ಮೇಲಿನದು ಹೋದರೂ ಒಳಗಿನದು ಹಿಡಿದಿರುತ್ತದೆ. ಒಂದೊಂದು ಹೊಲಿಗೆ ನಾಲ್ಕರಿಂದ ಐದು ಮಿಲಿಮೀಟರ್ ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂಬುದು ಇಲ್ಲಿ ತಪ್ಪು, ತೂತು ಹೆಚ್ಚಿ ಬಟ್ಟೆ ಆ ಗೆರೆಯಲ್ಲೇ ಸೀಳುತ್ತದೆ. 90 ಟೆಕ್ಸಿಗೆ 18ನೇ ನಂಬರು ಸೂಜಿ, 135ಕ್ಕೆ 20 ಅಥವಾ 22. ಜಿಪ್ಪು ದಪ್ಪ ಹಲ್ಲಿನ ಪ್ಲಾಸ್ಟಿಕ್‌ನದಿರಲಿ, ಅದರ ಮೇಲೆ ಬಟ್ಟೆಯ ಪಟ್ಟಿ ಮುಚ್ಚಿರಲಿ.

ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮಳೆಗಾಲದಲ್ಲಿ ದ್ವೀಪದ ಪ್ರವಾಸವೂ ನಿಲ್ಲುತ್ತದೆ. ಹೊದಿಕೆ ಬಿಚ್ಚಿ ಸಿಹಿನೀರಿನಲ್ಲಿ ಉಪ್ಪು ತೊಳೆದು, ಪೂರ್ತಿ ಒಣಗಿಸಿ, ಉಗುರು ಹಾಕಿ ಪರೀಕ್ಷಿಸುವ ಕಾಲ ಅದು. ನಡುನೆತ್ತಿಯ ಜೋಡಣೆ, ಮುಂಬದಿಯ ಅಂಚು, ಪೈಪಿನ ಬಾಗು ಈ ಮೂರು ಕಡೆ ಮೊದಲು ನೋಡಬೇಕು. ದಾರ ಉದುರಿದರೂ ಬಟ್ಟೆ ಗಟ್ಟಿಯಿದ್ದರೆ ಹೊಸ ಹೊದಿಕೆ ಬೇಕಿಲ್ಲ. ಹಳೆಯ ಗೆರೆಯ ಪಕ್ಕದಲ್ಲಿ ಮೂರು–ನಾಲ್ಕು ಮಿಲಿಮೀಟರ್ ಬಿಟ್ಟು ಹೊಸ ಸಾಲು ಹಾಕಿಸಿದರೆ ಸಾಕು. ಆಗ ಬಿಲ್ಲಿನಲ್ಲಿ ಬಟ್ಟೆಯ ಹೆಸರಿನ ಜೊತೆ ದಾರದ ಹೆಸರು, ವಸ್ತು, ಟೆಕ್ಸ್ ಮೂರನ್ನೂ ಬರೆಸಿಕೊಂಡು, ಮೆಷಿನ್ನಿಗೆ ಏರಿಸುವ ರೀಲನ್ನು ಅಲ್ಲೇ ನಿಂತು ನೋಡಿ ಬರಬೇಕು.